ವಿಟಮಿನ್ ಸಿ ಪುಡಿ, ಮಾತ್ರೆ: ಅಸಲಿಯಾ ಅಂತ ನೋಡುವುದು ಹೇಗೆ, ಮನೆಗೆಲಸಕ್ಕೆ ಬಳಸುವುದು ಹೇಗೆ

ಕೋವಿಡ್ ಕಾಲದಲ್ಲಿ ತಂದ ಕಿತ್ತಳೆ ಬಣ್ಣದ ಚೀಪುವ ಮಾತ್ರೆ ಎಷ್ಟೋ ಮನೆಗಳ ಡ್ರಾಯರಿನಲ್ಲಿ ಅರ್ಧ ಸ್ಟ್ರಿಪ್ ಇನ್ನೂ ಬಿದ್ದಿದೆ. ಕೆಲವರ ಮನೆಯಲ್ಲಿ ಆನ್‌ಲೈನಿನಲ್ಲಿ ತರಿಸಿದ ಬಿಳಿ ಪುಡಿಯ ಡಬ್ಬಿಯೂ ಇರುತ್ತದೆ. ಕೇಳುವ ಪ್ರಶ್ನೆ ಎರಡೇ. ಇದು ಶುದ್ಧವಾದದ್ದಾ? ಹಳೆಯದಾಗಿದ್ದರೆ ಬಿಸಾಡಬೇಕಾ, ಇಲ್ಲ ಬೇರೆ ಯಾವುದಕ್ಕಾದರೂ ಬರುತ್ತದಾ?

ಉತ್ತರ ಅದು ಎಲ್ಲಿಗೆ ಹೋಗುತ್ತದೆ ಅನ್ನುವುದರ ಮೇಲೆ ನಿಂತಿದೆ. ಬಾಯಿಗೆ ಹೋಗುವುದಾದರೆ ಒಂದು ಲೆಕ್ಕ, ಬಚ್ಚಲಿಗೆ ಹೋಗುವುದಾದರೆ ಇನ್ನೊಂದು ಲೆಕ್ಕ. ಜನ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಸತ್ವ ಇದೆಯಾ ಅನ್ನುವುದನ್ನು ಮನೆಯಲ್ಲೇ ನೋಡಬಹುದು. ಶುದ್ಧವಾಗಿದೆಯಾ ಅನ್ನುವುದನ್ನು ಮನೆಯಲ್ಲಿ ನೋಡಲು ಆಗುವುದಿಲ್ಲ, ಅದಕ್ಕೆ ಲ್ಯಾಬ್ ವರದಿಯ ಕಾಗದವೇ ಬೇಕು. ಯಾವ ವಿಡಿಯೋ ಏನೇ ಹೇಳಲಿ, ಇದು ಬದಲಾಗುವುದಿಲ್ಲ.

ಮೊದಲು ಲೇಬಲ್ ಓದಿ

ವಿಟಮಿನ್ ಸಿ ಅಂದರೆ ಆಸ್ಕಾರ್ಬಿಕ್ ಆಸಿಡ್. ಆದರೆ ಅಂಗಡಿಯಲ್ಲಿ ಆ ಹೆಸರಿನಲ್ಲಿ ಸಿಗುವುದೆಲ್ಲ ಒಂದೇ ವಸ್ತು ಅಲ್ಲ.

ಮೆಡಿಕಲ್ ಶಾಪಿನಲ್ಲಿ ಸಿಗುವ 500 ಮಿ.ಗ್ರಾಂನ ಚೀಪುವ ಮಾತ್ರೆಯ ಹಿಂಬದಿ ನೋಡಿ. ತುಂಬಾ ಓಡುವ ಒಂದು ಬಗೆಯಲ್ಲಿ ಹೀಗಿರುತ್ತದೆ: ಆಸ್ಕಾರ್ಬಿಕ್ ಆಸಿಡ್ 100 ಮಿ.ಗ್ರಾಂ, ಸೋಡಿಯಂ ಆಸ್ಕಾರ್ಬೇಟ್ 450 ಮಿ.ಗ್ರಾಂ. 100ಕ್ಕೆ 450 ಸೇರಿದರೆ 550 ಆಗಬೇಕಲ್ವಾ? ಲೆಕ್ಕ ಸರಿಯಾಗಿಯೇ ಇದೆ. ಸೋಡಿಯಂ ಆಸ್ಕಾರ್ಬೇಟಿನ ತೂಕದಲ್ಲಿ ಸುಮಾರು ಶೇ. 11 ಭಾಗ ಸೋಡಿಯಂ. ಹಾಗಾಗಿ 450 ಮಿ.ಗ್ರಾಂ ಅದು 400 ಮಿ.ಗ್ರಾಂ ವಿಟಮಿನ್ ಸಿಗೆ ಸಮ. ಅದಕ್ಕೆ 100 ಸೇರಿಸಿದರೆ 500. ಇಷ್ಟೊಂದು ಸೋಡಿಯಂ ಆಸ್ಕಾರ್ಬೇಟ್ ಯಾಕೆ ಅಂದರೆ, ಅದು ಹುಳಿ ಇಲ್ಲ, ಚೀಪಿದರೆ ಹಲ್ಲು ಜುಮ್ ಅನ್ನುವುದು ಕಡಿಮೆ. ಇದರ ಜೊತೆಗೆ ಸಕ್ಕರೆ, ಬಣ್ಣ, ಕಿತ್ತಳೆ ಪರಿಮಳ, ಮಾತ್ರೆ ಗಟ್ಟಿ ಕೂರಲು ಹಾಕುವ ಪುಡಿಗಳು ಇರುತ್ತವೆ. ಇದು ಕಲಬೆರಕೆ ಅಲ್ಲ. ಆದರೆ ಮನೆಗೆಲಸಕ್ಕೆ ಇಳಿದಾಗ ಆ ಬಣ್ಣ, ಸಕ್ಕರೆ ಎರಡೂ ಕಾಟ ಕೊಡುತ್ತವೆ. ನೆನಪಿರಲಿ.

ಔಷಧಿಯಾಗಿ ಮಾರುವ ಮಾತ್ರೆಯಲ್ಲಿ ವಸ್ತುವಿನ ಹೆಸರಿನ ಮುಂದೆ 'ಐಪಿ' ಎಂದು ಇರುತ್ತದೆ. ಇಂಡಿಯನ್ ಫಾರ್ಮಕೋಪಿಯಾ ಅಂತ, ಔಷಧಿಗಳ ಗುಣಮಟ್ಟ ಹೇಗಿರಬೇಕೆಂದು ಹೇಳುವ ದೇಶದ ಅಧಿಕೃತ ಗ್ರಂಥ. ಬ್ಯಾಚ್ ನಂಬರು, ತಯಾರಕರ ಲೈಸೆನ್ಸ್ ನಂಬರು, ಎಕ್ಸ್‌ಪೈರಿ ತಾರೀಖು ಇರಲೇಬೇಕು. ಆಹಾರ ಪೂರಕವಾಗಿ ಮಾರುವ ಪುಡಿಯಲ್ಲಿ ಎಫ್‌ಎಸ್‌ಎಸ್‌ಎಐ (ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ) ಗುರುತು ಮತ್ತು 14 ಅಂಕಿಯ ಲೈಸೆನ್ಸ್ ನಂಬರು ಇರಬೇಕು. ಇದೆರಡೂ ಇಲ್ಲದೆ ಬರೀ '100% ಪ್ಯೂರ್' ಎಂದು ದಪ್ಪಕ್ಷರದಲ್ಲಿ ಬರೆದ ಪೊಟ್ಟಣವನ್ನು ತಿನ್ನಲು ತರಬೇಡಿ. ಫೇಸ್‌ಪ್ಯಾಕಿಗೆ, ಸೋಪು ಮಾಡುವವರಿಗೆ ಅಂತ ಮಾರುವ 'ಕಾಸ್ಮೆಟಿಕ್ ಗ್ರೇಡ್' ಪುಡಿಯೂ ತಿನ್ನಲಿಕ್ಕಲ್ಲ.

ಫಾರ್ಮಕೋಪಿಯಾ ಮಟ್ಟದ ಆಸ್ಕಾರ್ಬಿಕ್ ಆಸಿಡ್ ಶೇ. 99ಕ್ಕಿಂತ ಕಡಿಮೆ ಇರುವಂತಿಲ್ಲ. ಇದು ಕೇಳಿದಷ್ಟು ಅಪರೂಪವೇನಲ್ಲ. ಜಗತ್ತಿನ ಹೆಚ್ಚಿನ ವಿಟಮಿನ್ ಸಿ ಚೀನಾದ ಕೆಲವೇ ದೊಡ್ಡ ಕಾರ್ಖಾನೆಗಳಿಂದ ಬರುತ್ತದೆ. ಜೋಳದ ಗ್ಲೂಕೋಸನ್ನು ಸಾರ್ಬಿಟಾಲ್ ಮಾಡಿ, ಬ್ಯಾಕ್ಟೀರಿಯಾಗಳಿಂದ ಹುದುಗು ಬರಿಸಿ, ಕೊನೆಗೆ ಹರಳಾಗಿ ತೆಗೆಯುತ್ತಾರೆ. ನೂರು ಕಂಪನಿಯ ಡಬ್ಬಿಗಳ ಒಳಗಿನ ಮಾಲು ಅನೇಕ ಸಲ ಅದೇ ಮಾಲು. ಹಾಗಾಗಿ ದುಬಾರಿ ಡಬ್ಬಿ ಅಂದರೆ ಜಾಸ್ತಿ ಶುದ್ಧ ಅಂತ ಲೆಕ್ಕ ಹಾಕಬೇಡಿ. 'ನ್ಯಾಚುರಲ್' ಅನ್ನುವ ಮಾತಿಗೂ ಮರುಳಾಗಬೇಡಿ. ನೆಲ್ಲಿಕಾಯಿಯಲ್ಲಿರುವುದೂ ಕಾರ್ಖಾನೆಯದ್ದೂ ಒಂದೇ ಅಣು.

ಕಣ್ಣಿಗೆ, ಲೋಟಕ್ಕೆ ಗೊತ್ತಾಗುವಷ್ಟು

ಒಳ್ಳೆಯ ಪುಡಿ ಬಿಳಿ ಹರಳಿನಂತೆ ಇರುತ್ತದೆ, ವಾಸನೆ ಇರುವುದಿಲ್ಲ. ಹಳದಿ ತಿರುಗಿದ್ದರೆ, ಕಂದು ಚುಕ್ಕೆ ಬಿದ್ದಿದ್ದರೆ, ಗಂಟು ಕಟ್ಟಿದ್ದರೆ ತೇವ ತಗುಲಿದೆ, ಸತ್ವ ಇಳಿಯುತ್ತಿದೆ ಎಂದರ್ಥ.

ಲೋಟದಲ್ಲಿ ಅರ್ಧ ಟೀ ಚಮಚ ಪುಡಿ ಹಾಕಿ ನೀರು ಸುರಿದು ಕಲಕಿ. ಆಸ್ಕಾರ್ಬಿಕ್ ಆಸಿಡ್ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, 100 ಮಿ.ಲೀ. ನೀರಿಗೆ ಸುಮಾರು 33 ಗ್ರಾಂ ಹಿಡಿಯುತ್ತದೆ. ಆದ್ದರಿಂದ ಅರ್ಧ ಚಮಚ ಪೂರ್ತಿ ಕರಗಿ ನೀರು ತಿಳಿಯಾಗಲೇಬೇಕು. ತಳದಲ್ಲಿ ಬಿಳಿ ಪುಡಿ ಕೂತರೆ, ಮಡ್ಡಿಯಾದರೆ, ಬೇರೆ ಏನೋ ಬೆರೆತಿದೆ. ಮಾತ್ರೆಯನ್ನು ಕರಗಿಸಿದಾಗ ಮಾತ್ರ ಸ್ವಲ್ಪ ಮಡ್ಡಿ ಬಂದೇ ಬರುತ್ತದೆ.

ಅದೇ ಲೋಟಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿ. ನೊರೆ ಉಕ್ಕಿದರೆ ಅದು ಆಸಿಡ್. ಉಕ್ಕದಿದ್ದರೆ ಸೋಡಿಯಂ ಆಸ್ಕಾರ್ಬೇಟ್ ಇರಬಹುದು, ಅದು ತಪ್ಪೇನಲ್ಲ. ಲೇಬಲ್ ಏನು ಹೇಳುತ್ತದೆ ಅಂತ ತಾಳೆ ನೋಡಿದರೆ ಸಾಕು. ಈ ನೊರೆಯನ್ನು ಶುದ್ಧತೆಯ ಪರೀಕ್ಷೆ ಅಂತ ತೋರಿಸುವವರಿದ್ದಾರೆ. ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿದರೂ ಹಾಗೇ ಉಕ್ಕುತ್ತದೆ!

ಅಯೋಡಿನ್ ಪರೀಕ್ಷೆ: ಸತ್ವ ಎಷ್ಟಿದೆ?

ಇದು ಕಾಲೇಜಿನ ಲ್ಯಾಬಿನಲ್ಲಿ ಮಾಡಿಸುವ ಪ್ರಯೋಗ. ಮನೆಯಲ್ಲೂ ಸಲೀಸಾಗಿ ಆಗುತ್ತದೆ. ವಿಟಮಿನ್ ಸಿ ಇರುವ ತನಕ ಅಯೋಡಿನ್ ಬಣ್ಣ ಕಳೆದುಕೊಳ್ಳುತ್ತಾ ಹೋಗುತ್ತದೆ. ವಿಟಮಿನ್ ಸಿ ಮುಗಿದ ಕ್ಷಣ ಉಳಿದ ಅಯೋಡಿನ್ ಗಂಜಿಯ ಜೊತೆ ಸೇರಿ ಕಡುನೀಲಿ ಆಗುತ್ತದೆ. ಎಷ್ಟು ಅಯೋಡಿನ್ ಹಿಡಿಯಿತು ಅನ್ನುವುದರಿಂದ ಎಷ್ಟು ವಿಟಮಿನ್ ಸಿ ಇತ್ತು ಅಂತ ತಿಳಿಯುತ್ತದೆ.

ಬೇಕಾದ್ದು ಇಷ್ಟು: ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ದ್ರಾವಣ, ಶೇ. 5ರದ್ದು (ಮುಲಾಮು ಬೇಡ, ನೊರೆ ಬರುವ ಸ್ಕ್ರಬ್ಬೂ ಬೇಡ). ಸೂಜಿ ಇಲ್ಲದ 5 ಮಿ.ಲೀ. ಸಿರಿಂಜುಗಳು ಎರಡು. ಅನ್ನದ ಗಂಜಿಯ ತಿಳಿ, ಪೂರ್ತಿ ಆರಿದ್ದು, ಉಪ್ಪು ಹಾಕದ್ದು. ಗಾಜಿನ ಲೋಟ. ಒಂದು ಲೀಟರಿನ ಅಳತೆ ಪಾತ್ರೆ. ಮತ್ತು ಹೋಲಿಸಿ ನೋಡಲು, ಹೊಸದಾಗಿ ಮೆಡಿಕಲ್ ಶಾಪಿನಿಂದ ತಂದ ಐಪಿ ಗುರುತಿನ 500 ಮಿ.ಗ್ರಾಂ ಮಾತ್ರೆ ಒಂದು. ಬಿಳಿ ಮಾತ್ರೆ ಸಿಕ್ಕರೆ ಒಳ್ಳೆಯದು, ಕಿತ್ತಳೆ ಬಣ್ಣ ಕಣ್ಣಿಗೆ ತೊಡಕು.

ಮೊದಲು ಮಾತ್ರೆಯಿಂದ ಶುರು ಮಾಡಿ. ನುಣ್ಣಗೆ ಪುಡಿ ಮಾಡಿ ಅರ್ಧ ಲೀಟರ್ ನೀರಿನಲ್ಲಿ ಕರಗಿಸಿ. ಈಗ ಪ್ರತಿ ಮಿ.ಲೀ.ನಲ್ಲಿ 1 ಮಿ.ಗ್ರಾಂ ವಿಟಮಿನ್ ಸಿ ಇದೆ. ಸಿರಿಂಜಿನಲ್ಲಿ ಎರಡು ಸಲ 5 ಮಿ.ಲೀ. ತೆಗೆದು ಗಾಜಿನ ಲೋಟಕ್ಕೆ ಹಾಕಿ. ಅಂದರೆ ಲೋಟದಲ್ಲಿ 10 ಮಿ.ಗ್ರಾಂ. ಅದಕ್ಕೆ ಅರ್ಧ ಲೋಟ ಸಾದಾ ನೀರು, ಒಂದು ಚಮಚ ಗಂಜಿ ತಿಳಿ ಬೆರೆಸಿ. ಲೋಟದ ಕೆಳಗೆ ಬಿಳಿ ಹಾಳೆ ಇಡಿ.

ಇನ್ನೊಂದು ಸಿರಿಂಜಿನಲ್ಲಿ ಅಯೋಡಿನ್ ತುಂಬಿಕೊಂಡು ಹನಿ ಹನಿಯಾಗಿ ಬಿಡಿ, ಲೋಟ ಅಲ್ಲಾಡಿಸುತ್ತಾ ಇರಿ. ಮೊದಲ ಹನಿಗಳು ಬಿದ್ದ ತಕ್ಷಣ ಮಾಯವಾಗುತ್ತವೆ. ಆಮೇಲೆ ಹನಿ ಬಿದ್ದಲ್ಲಿ ನೀಲಿ ಮೋಡದಂತೆ ಕಾಣಿಸಿ, ಅಲ್ಲಾಡಿಸಿದರೆ ಹೋಗುತ್ತದೆ. ಅಲ್ಲಿಂದ ನಿಧಾನ ಮಾಡಿ. ಬಣ್ಣ ಅರ್ಧ ನಿಮಿಷ ಹೋಗದೆ ನಿಂತರೆ ಮುಗಿಯಿತು. ಎಷ್ಟು ಮಿ.ಲೀ. ಖರ್ಚಾಯಿತು ಬರೆದಿಡಿ.

ಶೇ. 5ರ ದ್ರಾವಣದಲ್ಲಿ ಕೆಲಸ ಮಾಡುವ ಅಯೋಡಿನ್ ಶೇ. 0.5, ಅಂದರೆ ಮಿ.ಲೀ.ಗೆ 5 ಮಿ.ಗ್ರಾಂ. 10 ಮಿ.ಗ್ರಾಂ ವಿಟಮಿನ್ ಸಿಗೆ ಸುಮಾರು 14.4 ಮಿ.ಗ್ರಾಂ ಅಯೋಡಿನ್ ಬೇಕು. ಭಾಗಿಸಿದರೆ 2.9 ಮಿ.ಲೀ. ನಿಮಗೆ ಇದರ ಆಸುಪಾಸು ಬರಬೇಕು. ಅಯೋಡಿನ್ ಬಾಟಲಿ ಹಳೆಯದಾಗಿದ್ದರೆ ಅಂಕಿ ಜಾಸ್ತಿ ಬರಬಹುದು. ಪರವಾಗಿಲ್ಲ, ಅದಕ್ಕೇ ಮೊದಲು ಗೊತ್ತಿರುವ ಮಾತ್ರೆಯಲ್ಲಿ ಮಾಡಿದ್ದು.

ಈಗ ಪುಡಿಯ ಸರದಿ. ಅಡುಗೆಮನೆ ತಕ್ಕಡಿಯಲ್ಲಿ ಅರ್ಧ ಗ್ರಾಂ ತೂಗಲು ಆಗುವುದಿಲ್ಲ. 10 ಗ್ರಾಂ ತೂಗಿ 1 ಲೀಟರ್ ನೀರಿನಲ್ಲಿ ಕರಗಿಸಿ. ಅದರಿಂದ 100 ಮಿ.ಲೀ. ತೆಗೆದು, ಬೇರೆ ಪಾತ್ರೆಯಲ್ಲಿ ನೀರು ಸೇರಿಸಿ 1 ಲೀಟರ್ ಮಾಡಿ. ಇದರಲ್ಲೂ ಈಗ ಮಿ.ಲೀ.ಗೆ 1 ಮಿ.ಗ್ರಾಂ ಇರಬೇಕು. 10 ಮಿ.ಲೀ. ತೆಗೆದುಕೊಂಡು ಅದೇ ಕ್ರಮದಲ್ಲಿ ಮಾಡಿ. ಉಳಿದ ಗಟ್ಟಿ ದ್ರಾವಣವನ್ನು ಚೆಲ್ಲಬೇಡಿ, ಕಲೆ ತೆಗೆಯಲು ಬೇಕಾಗುತ್ತದೆ.

ಮಾತ್ರೆಗೆ 2.9 ಹಿಡಿದು ಪುಡಿಗೆ 2.7 ಹಿಡಿದರೆ ಸುಮ್ನಿರಿ, ಅದು ತಕ್ಕಡಿಯ ತಪ್ಪು, ಸಿರಿಂಜಿನ ತಪ್ಪು, ಕಣ್ಣಿನ ತಪ್ಪು. ಮನೆಯ ಲೆಕ್ಕದಲ್ಲಿ ಹತ್ತರಲ್ಲಿ ಒಂದು ಪಾಲು ಆಚೀಚೆ ಆಗುವುದು ಸಹಜ. 1.5 ಹಿಡಿದರೆ ಮಾತ್ರ ಅನುಮಾನ ಪಡಿ: ಅರ್ಧದಷ್ಟು ಸತ್ವ ಹೋಗಿದೆ, ಇಲ್ಲ ಅರ್ಧ ಬೇರೇನೋ ಬೆರೆಸಿದ್ದಾರೆ. ಮೊದಲೆರಡು ಹನಿಗೇ ನೀಲಿ ನಿಂತರೆ ಅದು ವಿಟಮಿನ್ ಸಿ ಅಲ್ಲವೇ ಅಲ್ಲ. ನಿಂಬೆ ಉಪ್ಪೋ ಸಕ್ಕರೆಯೋ ಇದ್ದೀತು.

ಕರಗಿಸಿದ ದಿನವೇ ಪರೀಕ್ಷೆ ಮುಗಿಸಿ. ನೀರಿಗೆ ಬಿದ್ದ ವಿಟಮಿನ್ ಸಿ ಗಾಳಿಗೆ ಹಾಳಾಗುತ್ತಾ ಹೋಗುತ್ತದೆ. ಪರೀಕ್ಷೆಗೆ ಬಳಸಿದ ಲೋಟದ್ದನ್ನು ಯಾರೂ ಕುಡಿಯದಂತೆ ಆಗಲೇ ಚೆಲ್ಲಿಬಿಡಿ.

ಈ ಪರೀಕ್ಷೆ ಹೇಳದೇ ಇರುವುದು

ಅಯೋಡಿನ್‌ಗೆ ಬೇಕಾದ್ದು ತನ್ನ ಬಣ್ಣ ತೆಗೆಯುವ ಯಾವುದಾದರೂ ವಸ್ತು, ಅಷ್ಟೇ. ಅದು ವಿಟಮಿನ್ ಸಿಯೇ ಆಗಬೇಕೆಂದಿಲ್ಲ. ಸ್ಕ್ವಾಷ್ ಕೆಡದಂತೆ ಹಾಕುವ ಮೆಟಾಬೈಸಲ್ಫೈಟ್ ಕೂಡ ಹೀಗೇ ಬಣ್ಣ ತೆಗೆಯುತ್ತದೆ. ನೆಲ್ಲಿಕಾಯಿ ಪುಡಿಯನ್ನು ಹೀಗೆ ಪರೀಕ್ಷಿಸಿದರೆ ಅಂಕಿ ಸುಳ್ಳು ಬರುತ್ತದೆ, ಅದರ ಒಗರೂ ಅಯೋಡಿನ್ನನ್ನು ತಿನ್ನುತ್ತದೆ.

ಇನ್ನೂ ಒಂದು ಚಾಲಾಕಿ ವಸ್ತು ಇದೆ. ಐಸೋಆಸ್ಕಾರ್ಬಿಕ್ ಆಸಿಡ್, ಇನ್ನೊಂದು ಹೆಸರು ಎರಿಥಾರ್ಬಿಕ್ ಆಸಿಡ್. ಆಹಾರ ಕೆಡದಂತೆ ಕಾರ್ಖಾನೆಗಳಲ್ಲಿ ಹಾಕುತ್ತಾರೆ, ಆಹಾರಕ್ಕೆ ಬೆರೆಸುವ ವಸ್ತುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದರ ನಂಬರು ಐಎನ್‌ಎಸ್ 315. ಆಸ್ಕಾರ್ಬಿಕ್ ಆಸಿಡ್ ಐಎನ್‌ಎಸ್ 300. ಎರಡರಲ್ಲೂ ಇರುವ ಪರಮಾಣುಗಳು ಅವೇ, ತೂಕವೂ ಅದೇ, ಜೋಡಣೆಯಲ್ಲಿ ಮಾತ್ರ ಚೂರು ವ್ಯತ್ಯಾಸ. ಅಯೋಡಿನ್ ಎರಡಕ್ಕೂ ಒಂದೇ ಉತ್ತರ ಕೊಡುತ್ತದೆ. ಆದರೆ ಮೈಗೆ ವಿಟಮಿನ್ ಆಗಿ ಇದು ಸುಮಾರು ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ ಕೆಲಸ ಮಾಡುತ್ತದೆ. ಇವೆರಡನ್ನು ಬೇರೆ ಮಾಡಿ ತೋರಿಸುವುದು ಬೆಳಕನ್ನು ತಿರುಗಿಸುವ ಗುಣ: ಅಸಲಿ ಬಲಕ್ಕೆ ತಿರುಗಿಸುತ್ತದೆ, ಇದು ಎಡಕ್ಕೆ. ಫಾರ್ಮಕೋಪಿಯಾದಲ್ಲಿ ಆ ಪರೀಕ್ಷೆ ಇದೆ, ಅಂಕಿ +20.5ರಿಂದ +21.5 ಡಿಗ್ರಿಯೊಳಗೆ ಬರಬೇಕು. ಮನೆಯಲ್ಲಿ ಮಾಡುವಂಥದ್ದಲ್ಲ.

ಸೀಸ, ಆರ್ಸೆನಿಕ್‌ನಂಥ ವಿಷಲೋಹಗಳೂ ಹಾಗೇ. ಕಣ್ಣಿಗೆ ಕಾಣುವುದಿಲ್ಲ, ರುಚಿಗೆ ಗೊತ್ತಾಗುವುದಿಲ್ಲ, ಅಯೋಡಿನ್ ಹೇಳುವುದಿಲ್ಲ. ದಿನಾ ತಿನ್ನುವ ಪುಡಿಯಾದರೆ ಮಾರುವವರಿಂದ ಆ ಬ್ಯಾಚಿನ ಸರ್ಟಿಫಿಕೇಟ್ ಆಫ್ ಅನಾಲಿಸಿಸ್, ಅಂದರೆ ಲ್ಯಾಬ್ ಪರೀಕ್ಷೆಯ ವರದಿ ಕೇಳಿ. ಅದರಲ್ಲಿ ಮೂರು ಕಡೆ ಕಣ್ಣು ಹಾಯಿಸಿ: ಡಬ್ಬಿಯ ಬ್ಯಾಚ್ ನಂಬರೇ ಅದರಲ್ಲಿದೆಯಾ, ಅಸ್ಸೇ (ಅಸಲಿ ವಸ್ತುವಿನ ಪಾಲು) ಶೇ. 99 ದಾಟಿದೆಯಾ, ಲೋಹಗಳ ಸಾಲು ಇದೆಯಾ. ಕೊಡಲು ಹಿಂದೆಮುಂದೆ ನೋಡುವವರ ಹತ್ತಿರ ತಿನ್ನುವ ಸಾಮಾನು ತರಬೇಡಿ. ಇದೆಲ್ಲ ತಲೆನೋವು ಬೇಡ ಅಂದರೆ ಐಪಿ ಗುರುತಿನ ಮಾತ್ರೆಯೇ ಸುಲಭದ ದಾರಿ, ನನ್ನ ಮಟ್ಟಿಗೆ.

ಇಡುವುದು

ಗಾಳಿಯಾಡದ ಬಾಟಲಿ, ಒಣ ಚಮಚ, ಕತ್ತಲು. ಒಲೆ ಪಕ್ಕದ ಕಪಾಟು ಬೇಡ. ಮಂಗಳೂರು, ಕಾರವಾರದ ಕಡೆಯ ಮಳೆಗಾಲದಲ್ಲಿ ದೊಡ್ಡ ಡಬ್ಬಿಯನ್ನು ಪದೇ ಪದೇ ತೆರೆಯಬೇಡಿ. ತಿಂಗಳಿಗೆ ಬೇಕಾದಷ್ಟನ್ನು ಚಿಕ್ಕ ಬಾಟಲಿಗೆ ಹಾಕಿಕೊಳ್ಳಿ. ಕರಗಿಸಿದ್ದನ್ನು ತಾಮ್ರದ ಚೊಂಬಿನಲ್ಲಿ, ಕಬ್ಬಿಣದ ಬಾಣಲೆಯಲ್ಲಿ ಇಡಲೇಬೇಡಿ. ತಾಮ್ರ, ಕಬ್ಬಿಣ ಎರಡೂ ವಿಟಮಿನ್ ಸಿಯನ್ನು ಬೇಗ ಕೊಲ್ಲುತ್ತವೆ. ಸಾಲದ್ದಕ್ಕೆ ಹುಳಿ ನೀರಿಗೆ ತಾಮ್ರವೂ ಬಿಟ್ಟುಕೊಳ್ಳುತ್ತದೆ.

ತಿನ್ನುವವರಿಗೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಪಟ್ಟಿಯ ಪ್ರಕಾರ ದಿನಕ್ಕೆ ಗಂಡಸರಿಗೆ 80 ಮಿ.ಗ್ರಾಂ, ಹೆಂಗಸರಿಗೆ 65 ಮಿ.ಗ್ರಾಂ ಸಾಕು. ಒಂದು ಸೀಬೆಹಣ್ಣು ತಿಂದರೆ ಅದು ಮುಗಿದೇ ಹೋಯಿತು, 100 ಗ್ರಾಂನಲ್ಲಿ 200 ಮಿ.ಗ್ರಾಂಗಿಂತ ಜಾಸ್ತಿ ಇದೆ. ದೊಡ್ಡವರಿಗೆ ಮೇಲ್ಮಿತಿ ದಿನಕ್ಕೆ 2000 ಮಿ.ಗ್ರಾಂ. ಪುಡಿ ಬಳಸುವವರು ಇಲ್ಲೇ ಎಡವುವುದು: ಒಂದು ಟೀ ಚಮಚ ಅಂದರೆ 3ರಿಂದ 5 ಗ್ರಾಂ. ಒಂದೇ ಚಮಚಕ್ಕೆ ಮಿತಿ ದಾಟಿಯಾಯಿತು, ಹೊಟ್ಟೆ ಕೆಡಬಹುದು.

ಕಿಡ್ನಿ ಕಲ್ಲಾಗಿದ್ದವರು, ಮೈಯಲ್ಲಿ ಕಬ್ಬಿಣ ಜಾಸ್ತಿ ಸೇರುವ ಕಾಯಿಲೆ ಇರುವವರು, ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಯುವ ಕಿಣ್ವ) ಕೊರತೆ ಇರುವವರು ಡಾಕ್ಟರನ್ನು ಕೇಳದೆ ದೊಡ್ಡ ಡೋಸ್ ಮುಟ್ಟಬಾರದು. ಶುಗರ್ ಇರುವವರಿಗೆ ಇನ್ನೊಂದು ಮಾತು: ದೊಡ್ಡ ಡೋಸ್ ತೆಗೆದುಕೊಂಡಾಗ ಕೆಲವು ಗ್ಲೂಕೋಮೀಟರುಗಳು ತಪ್ಪು ಅಂಕಿ ತೋರಿಸಬಹುದು. ಇನ್ನು ನೆಗಡಿಯ ವಿಚಾರ. ನೆಗಡಿ ಶುರುವಾದ ಮೇಲೆ ಮಾತ್ರೆ ನುಂಗಿದರೆ ಪ್ರಯೋಜನ ಇದೆ ಅಂತ ಪ್ರಯೋಗಗಳಲ್ಲಿ ಗಟ್ಟಿಯಾಗಿ ಕಂಡಿಲ್ಲ. ವರ್ಷಪೂರ್ತಿ ದಿನಾ ತಿನ್ನುವವರಿಗೆ ನೆಗಡಿ ಸ್ವಲ್ಪ ಬೇಗ ಬಿಡುತ್ತದೆ, ಅಷ್ಟೇ.

ಒಂದು ಕಡೆ ಮಾತ್ರ ಇದು ನಿಜವಾಗಿ ದುಡಿಯುತ್ತದೆ: ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣ ಮೈಗೆ ಹತ್ತಲು. ಅದಕ್ಕೆ ಡಬ್ಬಿ ಬೇಕಿಲ್ಲ, ಮುದ್ದೆ ಜೊತೆಯ ಸೊಪ್ಪಿನ ಸಾರಿಗೆ ಒಲೆಯಿಂದ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ. ಊಟವಾದ ತಕ್ಷಣ ಕಾಫಿ ಬೇಡ.

ಅಡುಗೆಮನೆಯಲ್ಲಿ

ಬಾಳೆದಿಂಡು, ಬಾಳೆಹೂವು ಹೆಚ್ಚಿ ಮಜ್ಜಿಗೆ ನೀರಿಗೆ ಹಾಕುವುದು ಎಲ್ಲರಿಗೂ ಗೊತ್ತು. ಹೆಚ್ಚಿದ ಕಡೆ ಗಾಳಿ ತಗುಲಿ ಕಪ್ಪಾಗುವುದನ್ನು ಮಜ್ಜಿಗೆಯ ಹುಳಿ ನಿಧಾನ ಮಾಡುತ್ತದೆ. ಅದೇ ಕೆಲಸವನ್ನು ವಿಟಮಿನ್ ಸಿ ಇನ್ನೂ ಚೆನ್ನಾಗಿ ಮಾಡುತ್ತದೆ. ಹುಳಿ ಕೊಡುವುದಲ್ಲದೆ, ಕಪ್ಪು ಕಟ್ಟಲು ಶುರುವಾದದ್ದನ್ನು ಹಿಂದಕ್ಕೂ ತಿರುಗಿಸುತ್ತದೆ.

ಒಂದು ಲೀಟರ್ ನೀರಿಗೆ 1 ಗ್ರಾಂ ಪುಡಿ, ಇಲ್ಲವೇ 500 ಮಿ.ಗ್ರಾಂನ ಎರಡು ಬಿಳಿ ಮಾತ್ರೆ. ಇಲ್ಲಿ ತಿನ್ನುವ ದರ್ಜೆಯದ್ದೇ ಆಗಬೇಕು. ಸೇಬು, ಪೇರ್, ಬದನೆ, ಆಲೂಗೆಡ್ಡೆ, ಬಾಳೆದಿಂಡು ಹೆಚ್ಚಿದ ಹಾಗೇ ಅದರೊಳಗೆ ಬಿಡಿ. 5ರಿಂದ 10 ನಿಮಿಷ ಬಿಟ್ಟು ಬಸಿದು ಡಬ್ಬಿಗೆ ಹಾಕಿ. ಮಕ್ಕಳ ಟಿಫಿನ್ ಡಬ್ಬಿಯ ಸೇಬಿಗೆ ಇದು ವರ. ನಿಂಬೆರಸ ಹಚ್ಚಿದರೆ ಬರುವ ಹುಳಿ ಇದರಲ್ಲಿ ಅಷ್ಟಾಗಿ ಬರುವುದಿಲ್ಲ. ಕಿತ್ತಳೆ ಮಾತ್ರೆ ಹಾಕಿದರೆ ಬದನೆಕಾಯಿಗೆ ಆರೆಂಜ್ ವಾಸನೆ ಬರುತ್ತದೆ, ಆಮೇಲೆ ಎಣ್ಣೆಗಾಯಿ ತಿಂದವರು ಬೈದಾರು.

ಮನೆಯಲ್ಲಿ ಬ್ರೆಡ್ ಮಾಡುವವರಿಗೂ ಇದು ಬೇಕು. 2016ರಲ್ಲಿ ಎಫ್‌ಎಸ್‌ಎಸ್‌ಎಐ ಬ್ರೆಡ್ಡಿಗೆ ಪೊಟ್ಯಾಸಿಯಂ ಬ್ರೋಮೇಟ್ ಹಾಕುವುದನ್ನು ನಿಲ್ಲಿಸಿತು. ಹಿಟ್ಟಿಗೆ ಬಿಗಿ ಕೊಡುವ ಆ ಕೆಲಸವನ್ನು ಆಸ್ಕಾರ್ಬಿಕ್ ಆಸಿಡ್ ಮಾಡುತ್ತದೆ. ಬೇಕಾಗುವುದು ಮಾತ್ರ ತೀರಾ ಕಡಿಮೆ, ಕಿಲೋ ಮೈದಾಕ್ಕೆ 50 ಮಿ.ಗ್ರಾಂ ಸಾಕು. ಅಷ್ಟನ್ನು ತೂಗುವುದು ಹೇಗೆ? 1 ಗ್ರಾಂ ಪುಡಿಯನ್ನು 200 ಮಿ.ಲೀ. ನೀರಿನಲ್ಲಿ ಕರಗಿಸಿ, ಅದರಿಂದ 10 ಮಿ.ಲೀ. ತೆಗೆದು ಹಿಟ್ಟು ಕಲಸುವ ನೀರಿಗೆ ಸೇರಿಸಿ. ಚಪಾತಿ ಹಿಟ್ಟಿಗೆ ಬೇಡ. ಹಿಟ್ಟು ಬಿಗಿಯಾಗಿ ಲಟ್ಟಿಸಿದ್ದು ಹಿಂದಕ್ಕೆ ಎಳೆಯುತ್ತದೆ.

ಸ್ಕ್ವಾಷ್, ಜ್ಯೂಸ್ ಮಾಡಿ ಬಾಟಲಿ ತುಂಬಿಸುವವರು ಗಮನಿಸಿ: ಕೆಡದಂತೆ ಸೋಡಿಯಂ ಬೆಂಜೊಯೇಟ್ ಹಾಕಿದ್ದಕ್ಕೆ ವಿಟಮಿನ್ ಸಿ ಪುಡಿ ಸೇರಿಸಬೇಡಿ. ಅವೆರಡೂ ಸೇರಿ ಬಿಸಿಲಲ್ಲಿ, ಶಾಖದಲ್ಲಿ ಇದ್ದರೆ ಬೆನ್ಜೀನ್ ಹುಟ್ಟುತ್ತದೆ. ಪ್ರಮಾಣ ಚಿಕ್ಕದೇ, ಆದರೆ ಅದು ಕ್ಯಾನ್ಸರ್ ತರುವ ವಸ್ತು.

ಕಲೆ ತೆಗೆಯಲು

ಎಕ್ಸ್‌ಪೈರಿ ಮುಗಿದ ಮಾತ್ರೆ, ಹಳದಿ ತಿರುಗಿದ ಪುಡಿ ಎಲ್ಲಕ್ಕೂ ಇದೇ ಜಾಗ. ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಬಕೆಟ್ಟು, ಮಗ್ಗು, ಸಿಂಕಿನಲ್ಲಿ ಎರಡು ಥರದ ಕಲೆ ಕೂರುತ್ತದೆ. ಬಿಳಿ ಸುಣ್ಣದ ಪದರ ಒಂದು, ಕೆಂಪು-ಕಂದು ಕಬ್ಬಿಣದ ಕಲೆ ಇನ್ನೊಂದು. ವಿಟಮಿನ್ ಸಿ ಕೆಲಸ ಮಾಡುವುದು ಎರಡನೆಯದಕ್ಕೆ. ತುಕ್ಕಿನ ರೂಪದಲ್ಲಿ ಗಟ್ಟಿ ಕೂತ ಕಬ್ಬಿಣವನ್ನು ಅದು ನೀರಿನಲ್ಲಿ ಕರಗುವ ರೂಪಕ್ಕೆ ತಿರುಗಿಸುತ್ತದೆ. ಸುಣ್ಣದ ಪದರಕ್ಕೆ ಸುಮ್ನೆ ಇದನ್ನು ದಂಡ ಮಾಡಬೇಡಿ, ನಿಂಬೆ ಉಪ್ಪು ಅಥವಾ ವಿನೆಗರ್ ಸಾಕು, ಅಗ್ಗ.

ಯಾವ ಕಲೆ ಅಂತ ಗೊತ್ತಾಗದಿದ್ದರೆ ಒಂದು ಮಾತ್ರೆಯನ್ನು ಒದ್ದೆ ಮಾಡಿ ಕಲೆಯ ಮೇಲೆ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಮಾತ್ರೆ ತೆಗೆದಾಗ ಅಲ್ಲಿ ಗುಂಡಗೆ ತಿಳಿಯಾಗಿದ್ದರೆ ಕಬ್ಬಿಣವೇ. ಈಜುಕೊಳ ನೋಡಿಕೊಳ್ಳುವವರು ಕಲೆ ಗುರುತಿಸುವುದೂ ಹೀಗೇ.

ಮಗ್ಗಿಗಾದರೆ ಬಿಸಿನೀರಿನಲ್ಲಿ ಎರಡು ಚಮಚ ಪುಡಿ ಕರಗಿಸಿ ತುಂಬಿಸಿಟ್ಟು, ಅರ್ಧ ಗಂಟೆ ಬಿಟ್ಟು ಉಜ್ಜಿ. ಸಿಂಕಿನ ಒಂದೇ ಜಾಗಕ್ಕಾದರೆ ಪುಡಿಗೆ ನಾಲ್ಕು ಹನಿ ನೀರು ಹಾಕಿ ಮೆತ್ತಗೆ ಕಲಸಿ ಹಚ್ಚಿ. ಬಿಳಿ ಬಟ್ಟೆಯ ಮೇಲಿನ ತುಕ್ಕಿನ ಗುರುತಿಗೂ ಇದೇ, ಆದರೆ ಹಚ್ಚಿದ್ದು ಒಣಗಬಾರದು. ತೆಗೆಯುವಾಗ ಮೊದಲು ಬರೀ ನೀರಿನಲ್ಲಿ ಎರಡು ಮೂರು ಸಲ ಚೆನ್ನಾಗಿ ಜಾಲಿಸಿ, ಆಮೇಲೆ ಸೋಪು. ನೇರ ಸೋಪು ಹಾಕಿದರೆ ಕರಗಿದ ಕಬ್ಬಿಣ ಮತ್ತೆ ಬಟ್ಟೆಯಲ್ಲೇ ಕೂತು ಹಳದಿಯಾಗುತ್ತದೆ. ಬಣ್ಣದ ಬಟ್ಟೆಯಾದರೆ ಒಳಮಡಿಕೆಯಲ್ಲಿ ಮೊದಲು ಚೂರು ಹಚ್ಚಿ ನೋಡಿ. ಕಿತ್ತಳೆ ಮಾತ್ರೆ ಬಟ್ಟೆಗೆ ಬೇಡವೇ ಬೇಡ.

ಅಯೋಡಿನ್ ಕಲೆ, ಅಂದರೆ ಗಾಯಕ್ಕೆ ಹಚ್ಚುವಾಗ ಹಾಸಿಗೆ ಬಟ್ಟೆಗೆ ತಾಗಿದ ಕಂದು ಕಲೆ, ವಿಟಮಿನ್ ಸಿ ನೀರು ಬಿದ್ದ ಕೂಡಲೇ ಕಣ್ಣೆದುರೇ ಮಾಯವಾಗುತ್ತದೆ. ಮೇಲಿನ ಪರೀಕ್ಷೆಯಲ್ಲಿ ನಡೆದದ್ದೇ ಇಲ್ಲೂ ನಡೆಯುವುದು. ಪೊಟ್ಯಾಸಿಯಂ ಪರ್ಮಾಂಗನೇಟ್ ತಾಗಿ ಕಂದಾದ ಬೆರಳು, ಉಗುರು, ಬೇಸಿನ್‌ಗೂ ಇದು ಒಳ್ಳೆಯ ಮದ್ದು. ತಿಳಿ ದ್ರಾವಣದಲ್ಲಿ ಅದ್ದಿ ಒರೆಸಿದರೆ ಆಯಿತು. ಆದರೆ ಪರ್ಮಾಂಗನೇಟಿನ ಹರಳಿನ ಮೇಲೆ ವಿಟಮಿನ್ ಸಿ ಪುಡಿ ಸುರಿಯಬೇಡಿ, ಒಣಗಿದ್ದಾಗ ಅವೆರಡನ್ನು ಸೇರಿಸುವುದು ಅಪಾಯ.

ಎಲ್ಲಿ ಹಾಕಬಾರದು ಅನ್ನುವುದು ಇನ್ನೂ ಮುಖ್ಯ. ಶಹಾಬಾದ್ ಕಲ್ಲು, ಕಡಪ ಕಲ್ಲು, ಮಾರ್ಬಲ್ ಇವೆಲ್ಲ ಸುಣ್ಣದ ವಂಶದವು. ಹುಳಿ ಬಿದ್ದಲ್ಲಿ ಹೊಳಪು ಹೋಗಿ ಮಂಕು ಕಲೆ ಉಳಿಯುತ್ತದೆ, ಹೋದ ಹೊಳಪು ತಾನಾಗಿ ಮತ್ತೆ ಬರುವುದಿಲ್ಲ. ಹಳೇ ಮನೆಗಳ ರೆಡ್ ಆಕ್ಸೈಡ್ ನೆಲದಲ್ಲಿ ಸಿಮೆಂಟೂ ಇದೆ, ಕೆಂಪು ಬಣ್ಣವೇ ಕಬ್ಬಿಣದ್ದು. ಅಲ್ಲಿ ಹಚ್ಚಿದರೆ ಕಲೆಯ ಜೊತೆ ನೆಲವನ್ನೂ ತೆಗೆದ ಹಾಗೆ.

ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ದ್ರಾವಣದ ಜೊತೆ ಇದನ್ನು ಎಂದೂ ಬೆರೆಸಬೇಡಿ. ಹುಳಿ ಬಿದ್ದರೆ ಬ್ಲೀಚಿನಿಂದ ಕ್ಲೋರಿನ್ ಅನಿಲ ಏಳಬಹುದು. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಅದು ಉಸಿರಿಗೇ ಬರುತ್ತದೆ.

ಮುಖಕ್ಕೆ ಹಚ್ಚುವವರಿಗೆ ಒಂದೇ ಮಾತು

ಪುಡಿ ಕರಗಿಸಿ ಮನೆಯಲ್ಲೇ ಸೀರಂ ಮಾಡಬೇಡಿ. ಶೇ. 5ರ ದ್ರಾವಣದ ಪಿಎಚ್ 2.1ರಿಂದ 2.6, ಹೆಚ್ಚೂಕಡಿಮೆ ನಿಂಬೆರಸದಷ್ಟೇ ಹುಳಿ. ಚರ್ಮ ಉರಿಯುತ್ತದೆ, ದ್ರಾವಣವೂ ಬಾಳುವುದಿಲ್ಲ.

ನಲ್ಲಿ ನೀರಿನ ಕ್ಲೋರಿನ್ ತೆಗೆಯಲು

ವಿಟಮಿನ್ ಸಿ ಕ್ಲೋರಿನ್ನನ್ನು ಕ್ಷಣದಲ್ಲಿ ಮುಗಿಸುತ್ತದೆ. 1 ಮಿ.ಗ್ರಾಂ ಕ್ಲೋರಿನ್‌ಗೆ 2.5 ಮಿ.ಗ್ರಾಂ ವಿಟಮಿನ್ ಸಿ ಲೆಕ್ಕ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ ಇರಬೇಕು. ಅದು ಜಾಸ್ತಿಯಾಗಿ 1 ಮಿ.ಗ್ರಾಂ ಇದೆ ಅಂತಲೇ ಹಿಡಿದರೂ 20 ಲೀಟರಿನ ಬಕೆಟ್ಟಿಗೆ ಬೇಕಾಗುವುದು 50 ಮಿ.ಗ್ರಾಂ. ಅಂದರೆ 500 ಮಿ.ಗ್ರಾಂ ಮಾತ್ರೆಯ ಹತ್ತರಲ್ಲಿ ಒಂದು ಚೂರು. ಕ್ಲೋರಿನ್ ನೀರಿಗೆ ಕೂದಲು ಒರಟಾಗುತ್ತದೆ ಅನ್ನುವವರು, ಈಜಿ ಬಂದವರು, ಕೊನೆಯ ಬಕೆಟ್ಟಿಗೆ ಅಷ್ಟು ಹಾಕಿ ಕಲಕಿ ಮೈಗೆ ಸುರಿದುಕೊಳ್ಳಬಹುದು.

ನೆಲದ ಸಂಪ್ ಟ್ಯಾಂಕಿಗೆ, ಮೇಲಿನ ಟ್ಯಾಂಕಿಗೆ ಹಾಕಬೇಡಿ. ನಿಂತ ನೀರಿನಲ್ಲಿ ಕ್ರಿಮಿ ಬೆಳೆಯದಂತೆ ಕಾಯುತ್ತಿರುವುದೇ ಆ ಕ್ಲೋರಿನ್.

ಮೀನಿನ ತೊಟ್ಟಿಯ ನೀರು ಬದಲಿಸುವಾಗಲೂ ಇದು ಬರುತ್ತದೆ. ಅಲ್ಲಿ ಆಸಿಡ್ಡಿಗಿಂತ ಸೋಡಿಯಂ ಆಸ್ಕಾರ್ಬೇಟ್ ಒಳ್ಳೆಯದು, ನೀರು ಹುಳಿಯಾಗುವುದಿಲ್ಲ. ತೂಕ ಮಾತ್ರ ಸ್ವಲ್ಪ ಜಾಸ್ತಿ, 1ಕ್ಕೆ 2.8ರ ಲೆಕ್ಕ. ಬಣ್ಣ, ಸಕ್ಕರೆ ಇರುವ ಚೀಪುವ ಮಾತ್ರೆ ಹಾಕಬೇಡಿ. ಅಳತೆ ಮೀರಿ ಸುರಿದರೆ ಉಳಿದ ವಿಟಮಿನ್ ಸಿ ನೀರಿನ ಆಮ್ಲಜನಕವನ್ನೂ ಎಳೆದುಕೊಳ್ಳುತ್ತದೆ. ಹಾಗಾಗಿ ಹೊಸ ನೀರನ್ನು ಬೇರೆ ಬಕೆಟ್ಟಿನಲ್ಲಿ ಸರಿಮಾಡಿ, ಗಾಳಿಯ ಪಂಪು ಬಿಟ್ಟು ಸ್ವಲ್ಪ ಹೊತ್ತು ಇಟ್ಟು, ಆಮೇಲೆ ತೊಟ್ಟಿಗೆ ಸುರಿಯಿರಿ.